ಅನಾಕ್ಸಿಕ್ ತೊಟ್ಟಿ

ಅನಾಕ್ಸಿಕ್ ಅಂದರೇನು ಎಂದು ಯಾರಾದರೂ ಕೇಳಿದರೆ ಸಾಕು, ಅಕ್ಕನಿಗೆ ಎಲ್ಲಿಲ್ಲದ ಹುರುಪು. ಊರಿನ ಕೊಳಚೆ ನೀರು ಶುದ್ಧ ಮಾಡುವ ಘಟಕಕ್ಕೆ ಅವಳೇ ಆಪರೇಟರ್. ನೋಡಲು ಬಂದ ಶಾಲಾ ಮಕ್ಕಳನ್ನು ಮುಚ್ಚಿದ ತೊಟ್ಟಿಯ ಮುಂದೆ ನಿಲ್ಲಿಸಿ, "ಈ ನೀರು ಅನಾಕ್ಸಿಕ್. ಅಂದ್ರೆ ಇದರಲ್ಲಿ ಆಕ್ಸಿಜನ್ನೇ ಇಲ್ಲ. ಮೀನು ಬಿಟ್ರೆ ಗೊಟಕ್!" ಎಂದು ನಗಿಸುತ್ತಿದ್ದಳು. ಪಂಪ್ ಮೆಕ್ಯಾನಿಕ್ ಅಪ್ಪ, ಫಿಟ್ಟರ್ ತಮ್ಮ ಇಬ್ಬರಿಗೂ ಅಲ್ಲೇ ಕೆಲಸ. "ಇವಳನ್ನ ಮೇಷ್ಟ್ರು ಮಾಡ್ಬೇಕಾಗಿತ್ತು" ಎಂದು ತಮ್ಮ ಕಾಲೆಳೆಯುತ್ತಿದ್ದ.

ಅರ್ಥವೇನೋ ಬಾಯಿಪಾಠ. ಆದರೆ ಆ ಪದವನ್ನು ಅವಳು ನೀರಿಗೆ ಮಾತ್ರ ಅಂಟಿಸಿಬಿಟ್ಟಿದ್ದಳು. ನೀರು ಹೋದರೆ ಅದರ ಗುಣವೂ ಹೋಯಿತಲ್ಲ ಎಂಬ ಲೆಕ್ಕ. ಅಂದು ಒಳಗಿನ ಕಲಕುವ ಯಂತ್ರಕ್ಕೆ ಚಿಂದಿಬಟ್ಟೆ ಸುತ್ತಿಕೊಂಡಿತು. ನೀರೆಲ್ಲ ತೆಗೆಸಿ, ಮುಚ್ಚಳ ಎತ್ತಿಸಿ, ವಾಡಿಕೆಯಂತೆ ಬಗ್ಗಿ ಮೂಸಿದಳು. ಅಂಥ ನಾತವೇನಿರಲಿಲ್ಲ.

"ಗಾಳಿ ನೋಡೋ ಮೀಟರ್ ತರಿಸೋಣ್ವೇನೇ?" ಎಂದ ಅಪ್ಪ.

"ಖಾಲಿ ತೊಟ್ಟಿಗ್ಯಾಕಪ್ಪಾ ಮೀಟರು? ಇಳಿಯೋ ಪುಟ್ಟಾ."

ತಳದಲ್ಲಿ ಉಳಿದ ಕೆಸರು ಅಲ್ಲಿನ ಗಾಳಿಯ ಆಕ್ಸಿಜನ್ನನ್ನೂ ತಿಂದು ಮುಗಿಸಿತ್ತು. ತಮ್ಮ ಏಣಿಯಿಂದ ಕಾಲು ಕೆಳಗಿಟ್ಟವನು, ಅಕ್ಕಾ ಎನ್ನಲೂ ಇಲ್ಲ, ಗೋಡೆಗೆ ಜಾರಿ ಕುಸಿದ.

ಅಪ್ಪ ಏಣಿಗೆ ಕೈ ಹಾಕಿದ. ಆ ಗಳಿಗೆಯಲ್ಲೇ ಅವಳಿಗೆ ಹೊಳೆಯಿತು: ಅನಾಕ್ಸಿಕ್ ಆಗಿದ್ದುದು ನೀರೊಂದೇ ಅಲ್ಲ. ಅಪ್ಪನನ್ನು ಹಿಂದಕ್ಕೆ ತಳ್ಳಿ ತೊಟ್ಟಿಯ ಬಾಯಿಗೆ ಅಡ್ಡ ಬಿದ್ದಳು. ಅಗ್ನಿಶಾಮಕಕ್ಕೆ ಫೋನ್ ಮಾಡು, ಬ್ಲೋವರ್ ಪೈಪ್ ಎಳೆದು ತಾ ಎಂದು ಕಾವಲುಗಾರನಿಗೆ ಕಿರುಚಿದಳು. ಪಕ್ಕದ ತೊಟ್ಟಿಗೆ ಗಾಳಿ ಊದುವ ಆ ಪೈಪನ್ನು ತನ್ನ ತೋಳಿನ ಸಂದಿಯಿಂದ ಒಳಗೆ ಇಳಿಬಿಟ್ಟಳು.

"ದಾರಿ ಬಿಡೇ!"

"ಇಳಿದ್ರೆ ನೀನೂ ಬೀಳ್ತೀಯಪ್ಪಾ! ಒಳಗೆ ಉಸಿರಾಡೋಕೆ ಏನೂ ಇಲ್ಲ!"

"ನನ್ನ ಮಗ ಕಣೇ ಅವನು! ಇಳಿ ಅಂದೋಳು ನೀನೇ ಅಲ್ವೇನೇ!"

ಅಪ್ಪ ಬೆನ್ನಿಗೆ ಗುದ್ದಿದ, ಜುಟ್ಟು ಹಿಡಿದು ಎಳೆದ. ಹುಟ್ಟಿದಾಗಿನಿಂದ ಮಗಳ ಮೇಲೆ ಕೈ ಎತ್ತಿದವನಲ್ಲ. ಕೆಳಗಿನಿಂದ ತಮ್ಮನ ಗೊರಗೊರ ಉಸಿರು ಕೇಳುತ್ತಿತ್ತು. ತಾನೇ ಧುಮುಕಿಬಿಡಲೇ ಎಂದು ಅವಳ ಮೈಯೆಲ್ಲ ಕೂಗುತ್ತಿತ್ತು. ಆದರೆ ತಾನು ಎದ್ದರೆ ಅಪ್ಪ ಇಳಿಯುತ್ತಾನೆ. "ಏಳೋ ಪುಟ್ಟಾ, ಪೈಪಿನ ಹತ್ರ ಬಾರೋ" ಎಂದು ಗಂಟಲು ಹರಿಯುವ ಹಾಗೆ ಕರೆದಳು. ಉಸಿರು ಬಿಟ್ಟು ಬಿಟ್ಟು ಬಂತು. ಆಮೇಲೆ ಬರಲಿಲ್ಲ. ಅಪ್ಪನ ಕೈಯೂ ನಿಂತಿತು. ಅವನಿಗೂ ಕೇಳಿಸಿತ್ತು.

ಅಗ್ನಿಶಾಮಕದವರು ಮುಖವಾಡ ಕಟ್ಟಿ, ಬೆನ್ನಿಗೆ ಸಿಲಿಂಡರ್ ಹೊತ್ತು ಇಳಿದರು. ಮೇಲೆ ತಂದು ಎದೆ ಒತ್ತಿ ಒತ್ತಿ ನೋಡಿ, ಕೊನೆಗೆ ಕೈಬಿಟ್ಟರು.

ಅವರ ಅಧಿಕಾರಿ ಅಪ್ಪನ ಪಕ್ಕ ಕುಕ್ಕರಗಾಲಲ್ಲಿ ಕೂತ. "ಯಜಮಾನ್ರೇ, ಈಯಮ್ಮ ತಡೀದೇ ಇದ್ದಿದ್ರೆ ಇವತ್ತು ನಾವು ಇಬ್ಬರನ್ನ ಎತ್ತಬೇಕಾಗಿತ್ತು."

"ಇಬ್ಬರನ್ನೂ ಎತ್ತಿದ್ರೇ ಚೆನ್ನಾಗಿತ್ತಲ್ಲ ಸಾರ್" ಎಂದ ಅಪ್ಪ.

ಅವಳು ಅಪ್ಪನ ಅಂಗಿಯ ಚುಂಗನ್ನು ಮುಷ್ಟಿಯಿಂದ ಬಿಡಲಿಲ್ಲ. ತೊಟ್ಟಿಯ ಬಾಯಿ ಇನ್ನೂ ತೆರೆದೇ ಇತ್ತು.