ಮೆಟಡೋರಿನೊಳಗಿನ ಗೂಡು

ಕೊಟ್ಟೂರಿನ ಬೆನಕಪ್ಪನ ಮನೆಯ ಹಿತ್ತಲಿಗೆ ಆ ಹಳೆಯ ಮೆಟಡೋರ್ ಬಂದು ನಿಂತ ದಿನ ಓಣಿಯ ಮಕ್ಕಳೆಲ್ಲ ಅದರ ಹಿಂದೆಯೇ ಓಡಿ ಬಂದಿದ್ದವು. ಹಿಂದೆ ಅದು ಕಣ್ಣಿನ ಶಿಬಿರದ ಗಾಡಿ. ಡಾಕ್ಟರು ಅದರಲ್ಲೇ ಮಲಗಿ, ಅದರಲ್ಲೇ ಚಹಾ ಕಾಸಿಕೊಂಡು ಊರೂರು ತಿರುಗಿದ್ದರು. ಶಿಬಿರಗಳು ನಿಂತ ಮೇಲೆ ಹರಪನಹಳ್ಳಿಯಲ್ಲಿ ಯಾವುದೋ ಮೆಕ್ಕೆಜೋಳದ ಗೋದಾಮಿನ ಹಿಂದೆ ಮಳೆಬಿಸಿಲಿಗೆ ಬಿದ್ದಿತ್ತು. ಒಳಗಿನ ಹಲಗೆಗಳು ಉಬ್ಬಿದ್ದವು. ಸೀಟಿನ ರೆಕ್ಸಿನ್ ಹರಿದು ನಾರು ಹೊರಗೆ ಬಂದಿತ್ತು. ಬಾಗಿಲು ತೆಗೆದರೆ ಇಲಿಯ ವಾಸನೆ. ಸುಕನ್ಯಾ ತನ್ನ ತವರಿನವರು ಕೊಟ್ಟ ಎಮ್ಮೆಗಳನ್ನು ಮಾರಿ ಅದನ್ನು ಕೊಂಡು, ತಾನೇ ಓಡಿಸಿಕೊಂಡು ತಂದಿದ್ದಳು.

"ಎಮ್ಮಿ ಮಾರಿ ತಗಡು ತಂದಾಳ ನೋಡ್ರಿ," ಎಂದು ಬೆನಕಪ್ಪ ಓಣಿಗೆಲ್ಲ ಕೇಳುವಂತೆ ನಕ್ಕ. ಅವನು ಸುಕನ್ಯಾಳ ಗಂಡನ ಅಣ್ಣ, ಮನೆಯ ಯಜಮಾನ.

ಸುಕನ್ಯಾಳಿಗೆ ಬೇಕಾಗಿದ್ದುದು ಒಂದೇ: ಸಂತೆಗೆ ಹೋದಾಗಲೂ ಗಂಡ ತನ್ನ ಕಣ್ಣೆದುರಿಗಿರಬೇಕು. ಕೊಟ್ರಸ್ವಾಮಿ ಒಂದು ಕಾಲದಲ್ಲಿ ದನದ ಸಂತೆಗಳಲ್ಲಿ ಎತ್ತು ಕೊಡಿಸುವ ದಲಾಲಿ. ಕೂಡ್ಲಿಗಿಯಿಂದ ಹಡಗಲಿಯವರೆಗೆ ಅವನ ಮೀಸೆ, ಅವನ ಗಂಟಲು ಗೊತ್ತಿಲ್ಲದವರಿರಲಿಲ್ಲ. ದನ ಹೇರಿದ ಲಾರಿಯ ಮೇಲಿಂದ ಬಿದ್ದವನು ಮತ್ತೆ ಏಳಲಿಲ್ಲ. ಸೊಂಟದ ಕೆಳಗೆ ಜೀವವಿಲ್ಲ, ಕೈಗಳಲ್ಲೂ ಬಲ ಕಡಿಮೆ. ಆಸರೆ ಇಲ್ಲದೆ ಕೂಡಿಸಿದರೆ ಪಕ್ಕಕ್ಕೆ ಒರಗಿಬಿಡುತ್ತಿದ್ದ. ಸುಕನ್ಯಾ ಲಂಗ, ರವಿಕೆ ಹೊಲಿದು ಬಸ್ಸಿನಲ್ಲಿ ಸಂತೆಗಳಿಗೆ ಹೋಗಿ ಮಾರುತ್ತಿದ್ದಳು. ಸಂಜೆ ಬಂದು ನೋಡಿದರೆ ಬೆಳಿಗ್ಗೆ ಉಡಿಸಿ ಹೋದ ಪಂಚೆ ಒದ್ದೆಯಾಗಿ, ಮತ್ತೆ ಅಲ್ಲೇ ಒಣಗಿರುತ್ತಿತ್ತು. ತಟ್ಟೆ ಕೈಗೆಟುಕದಷ್ಟು ದೂರದಲ್ಲಿರುತ್ತಿತ್ತು. ಬೈಯುವವರು ಯಾರೂ ಇರಲಿಲ್ಲ, ನೋಡುವವರೂ ಇರಲಿಲ್ಲ; ಮುದಿ ಅತ್ತೆಯ ಕೈಲಾಗುತ್ತಿರಲಿಲ್ಲ.

ಗಾಡಿಯ ಒಳಗನ್ನು ಹೊಸದು ಮಾಡಲು ಬಡಿಗ ದುರುಗಪ್ಪ ಬಂದ. ಅವನು ಊರಾಚೆಯ ಕುರಿ ಸಾಕುವವರ ಹಟ್ಟಿಯವನು. ಮಾತು ಹೆಚ್ಚು, ಕೈ ಶುದ್ಧ. ಇಬ್ಬರೂ ಸೇರಿ ಕೊಳೆತ ಹಲಗೆ ಕಿತ್ತರು, ತುಕ್ಕನ್ನು ಉಜ್ಜಿದರು, ನೆಲಕ್ಕೆ ಹೊಸ ಪ್ಲೈವುಡ್ ಬಡಿದರು. ಒಂದು ಕಡೆ ಹೊಲಿಗೆ ಯಂತ್ರಕ್ಕೆ ಜಾಗ, ಅದರ ಮೇಲೆ ಬಟ್ಟೆ ತೂಗಲು ಸಲಾಕೆ, ಬಾಗಿಲ ಬಳಿ ಸ್ಟೋವ್.

"ಗಾಡಿ ಅಳ್ಳಾಡಿದ್ರ ಇವ್ರು ಬಾಜೂಕ ಬೀಳ್ತಾರ, ದುರುಗಪ್ಪ. ಎರಡೂ ಕಡಿ ಆಸರ ಬೇಕು, ಬೆನ್ನಿಗೂ ಬೇಕು," ಎಂದಳು ಸುಕನ್ಯಾ.

"ಹಂಗಾರ ಹಿಂದಿನ ಗ್ವಾಡಿಗೆ ಒಂದು ಗೂಡು ಮಾಡೂಣ್ರಿ ಅಕ್ಕಾರ. ಒಳಗ ಕುಂತ್ರ ಎತ್ತಾಗೂ ಬೀಳಂಗಿಲ್ಲ."

ಹಿಂದೆ ಛಾವಣಿ ಇಳಿಜಾರಾಗಿದ್ದರಿಂದ ಗೂಡಿನ ತಲೆಯನ್ನು ಮುಕ್ಕೋಣವಾಗಿ ಕೂಡಿಸಬೇಕಾಯಿತು. ದುರುಗಪ್ಪ ಪಡಸಾಲೆಗೆ ಹೋಗಿ, ಕೊಟ್ರಸ್ವಾಮಿಯ ಹಾಸಿಗೆಯ ಪಕ್ಕದಲ್ಲೇ ಸೀಮೆಸುಣ್ಣದಲ್ಲಿ ಅದರ ಆಕಾರ ಬರೆದು ತೋರಿಸಿದ. ಕೊಟ್ರಸ್ವಾಮಿ ಅದನ್ನೇ ಬಹಳ ಹೊತ್ತು ನೋಡಿ, "ಮಾಡ್ರಿ," ಎಂದ.

ಸುಕನ್ಯಾ ಗೂಡಿನೊಳಗೆ ಬಿಳಿ ಬಣ್ಣ ಬಳಿದಳು. ಗಂಡನಿಗೆ ಕೈ ಎತ್ತಿ ಹಿಡಿದು ಲಿಂಗಪೂಜೆ ಮಾಡುವುದು ಕಷ್ಟ. ಅದಕ್ಕಾಗಿ ಎದೆಯ ಮಟ್ಟಕ್ಕೆ ಪುಟ್ಟ ಹಲಗೆ ಹಾಕಿಸಿದಳು. ಅದು ಪೂರ್ವಕ್ಕೆ ಮುಖ ಮಾಡಿರಲಿ ಎಂದಾಗ ದುರುಗಪ್ಪ ನಕ್ಕ.

"ಗಾಡಿ ತಿರುಗಿದಂಗ ದೇವ್ರೂ ತಿರುಗ್ತಾನ್ರಿ ಅಕ್ಕಾರ. ಆತಗ ಸಂತಿ ನೋಡೂ ಹುಕಿ ಐತೇನೋ!"

ಆ ದಿನಗಳಲ್ಲಿ ಅವಳು ನಕ್ಕಷ್ಟು ಅದಕ್ಕೆ ಮೊದಲು ಎಷ್ಟೋ ವರ್ಷ ನಕ್ಕಿರಲಿಲ್ಲ.

ಒಳ್ಳೆಯ ದಿನ ನೋಡಿ ಕೊಟ್ರಸ್ವಾಮಿಯನ್ನು ಹೊತ್ತು ತಂದು ಗೂಡಿನಲ್ಲಿ ಕೂಡಿಸಿದರು. ಪದ್ಮಾಸನ ಹಾಕಿಸಿ, ಎದುರಿನ ಹಲಗೆಯ ಮೇಲೆ ವಿಭೂತಿ ಇಟ್ಟರು. ಅವನು ನೆಟ್ಟಗೆ ಕೂತ. ಒಂದಿಷ್ಟೂ ವಾಲಲಿಲ್ಲ. ಸುಕನ್ಯಾಳ ಕಣ್ಣು ತುಂಬಿತು.

ಬಾಗಿಲಲ್ಲಿ ಇಣುಕಿದ ಬೆನಕಪ್ಪ ಹಾವು ಕಂಡವನಂತೆ ಹಿಂದೆ ಸರಿದ.

"ಲೇ ಕೊಟ್ರಾ! ಇಳಿಸ್ರೋ ಅವನ್ನ, ಮೊದ್ಲು ಇಳಿಸ್ರಿ! ಏನವಾ ಸುಕನ್ಯಾ, ಗಂಡ ಜೀವಂತ ಇದ್ದಂಗೇ ಕುಣಿಯಾಗ ಕೂಡಿಸಿದೇನು?"

"ಏನಂತೀರಿ ಭಾವಾ?"

"ಅಪ್ಪನ್ನ ಹಿಂಗೇ ಕೂಡಿಸೀವಿ. ಇದೇ ಗೂಡು, ಇದೇ ಮುಕ್ಕೋಣ, ಮುಂದ ವಿಭೂತಿ. ಮಣ್ಣು ಎಳಿಯೂದೊಂದು ಬಾಕಿ ಇಟ್ಟೀ."

ಆ ಮನೆಯ ಹೆಂಗಸರು ಮಣ್ಣಿಗೆ ಹೋಗುವವರಲ್ಲ. ಶವ ಹೊಸ್ತಿಲು ದಾಟಿದರೆ ಅವರ ಪಾಲಿನದು ಮುಗಿಯಿತು. ನೆಲದೊಳಗೆ ಏನಿದೆ, ಹೂಳುವ ಕುಣಿಯನ್ನು ಹೇಗೆ ಅಗೆಯುತ್ತಾರೆ, ಅದರ ಯಾವ ಗೋಡೆಯಲ್ಲಿ ಗೂಡು ಕೊರೆದು ಶವವನ್ನು ಕೂಡಿಸುತ್ತಾರೆ ಎಂಬುದೆಲ್ಲ ಗಂಡಸರ ಕಣ್ಣಿಗೆ ಮಾತ್ರ. ದುರುಗಪ್ಪನ ಜನವೋ ಸತ್ತವರನ್ನು ಮಲಗಿಸಿ ಹೂಳುವವರು. ನೋಡದವಳೊಬ್ಬಳು, ಅರಿಯದವನೊಬ್ಬ ಸೇರಿ ಪ್ರೀತಿಯಿಂದ ಕಟ್ಟಿದ್ದು ಅದು. ಸುಕನ್ಯಾ ಗಂಡನ ಮುಖ ನೋಡಿದಳು. ಅವನು ಕಣ್ಣು ಮುಚ್ಚಿಕೊಂಡಿದ್ದ. ನಾಲ್ಕು ಜನ ಅವನನ್ನೆತ್ತಿ ಒಳಗೆ ಒಯ್ದರು. ಮಧ್ಯಾಹ್ನದೊಳಗೆ ಓಣಿಯಲ್ಲೆಲ್ಲ ಅವಳು ಗಂಡನ ಸಾವು ಬಯಸಿದವಳಾಗಿದ್ದಳು.

ಅಡುಗೆಮನೆಯಲ್ಲಿ ಅತ್ತೆ ನಾಗಲಿಂಗಮ್ಮ ಅವಳ ಮುಂದೆ ರೊಟ್ಟಿಯ ತಟ್ಟೆ ಸರಿಸಿದಳು. ಬೈಗುಳಕ್ಕೆ ಕಾದು ಕೂತಿದ್ದ ಸುಕನ್ಯಾಳಿಗೆ ಬೇರೆಯೇ ಮಾತು ಕೇಳಿತು.

"ಉಣ್ಣವಾ. ನಾನೂ ಆ ಕುಣಿ ನೋಡಿಲ್ಲ. ನನ್ನ ಗಂಡನ್ನ ಹೆಂಗ ಕೂಡಿಸ್ಯಾರಂತ ಇವತ್ತ ನಿನ್ನ ಗಾಡ್ಯಾಗ ನೋಡಿದೆ." ಮುದುಕಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ನೆಟ್ಟಗೇ ಕೂಡಿಸ್ಯಾರ ಬಿಡು. ವಾಲಿಲ್ಲ."

ಆ ಒಂದು ಮಾತಿನ ಮೇಲೆ ಸುಕನ್ಯಾ ರೊಟ್ಟಿ ಮುರಿದಳು. ಇನ್ನೂ ಎಲ್ಲ ಸರಿಮಾಡಬಹುದು ಅನ್ನಿಸಿತು. ಸಂಜೆ ಗಂಡನ ಪಂಚೆ ಬದಲಿಸುತ್ತ ಹೇಳಿದಳು:

"ನಾಳಿಗೇ ಆ ಗೂಡು ಕಿತ್ತಸ್ತೀನ್ರಿ. ಕುರ್ಚಿ ಮಾಡಸೂಣು, ಕೈ ಇರೂ ಕುರ್ಚಿ. ನೀವು ಹೂಂ ಅನ್ರಿ ಸಾಕು."

"ಬ್ಯಾಡ."

"ನಾ ನೋಡಿರಲಿಲ್ರಿ. ನನಗೆಲ್ಲಿ ಗೊತ್ತಾಗಬೇಕು..."

"ನನಗ ಗೊತ್ತಿತ್ತು." ಅವನು ತೊಲೆ ನೋಡುತ್ತಲೇ ಹೇಳಿದ. "ದುರುಗ ಸುಣ್ಣದಾಗ ಬರದಾಗಲೇ ಗೊತ್ತಿತ್ತು. ಅಪ್ಪನ್ನ ಒಳಗ ಇಳಿದು ಕೂಡಿಸಿದಾವ ನಾನೇ."

ಸುಕನ್ಯಾಳ ಕೈ ನಿಂತಿತು. "ಮತ್ತ ಮಾಡ್ರಿ ಅಂದ್ರಲ್ಲ?"

"ಆ ಸಂತಿಯಾಗ ನಾ ಎತ್ತಿನ ಕೊಂಬು ಹಿಡಿದು ನಿಂತಾವ. ಈಗ ಲಂಗದ ಗಾಡ್ಯಾಗ ಗೊಂಬಿ ಕುಂತಂಗ ಕುಂದರ್ಲೇನು? ನೀ ಆಸಿ ಮಾಡಿದ್ದಿ. ಬರಂಗಿಲ್ಲ ಅನ್ನಾಕ ಬಾಯಿ ಬರಲಿಲ್ಲ. ಅಣ್ಣ ನೋಡಿದ್ರ ಅವನೇ ಬ್ಯಾಡ ಅಂತಾನಂತ ಬಿಟ್ಟೆ."

"ಓಣಿ ಮಂದಿ ನನಗ ಏನನ್ನಾಕ ಹತ್ಯಾರ, ಕೇಳೀರೇನು?"

"ಕೇಳೀನಿ."

"ಭಾವನ ಮುಂದ ಇದನ್ನ ಹೇಳ್ರಿ. ಇದೊಂದು ಹೇಳಿಬಿಡ್ರಿ."

ಕೊಟ್ರಸ್ವಾಮಿಗೆ ದೇಹದಲ್ಲಿ ಸರಾಗವಾಗಿ ತಿರುಗುತ್ತಿದ್ದುದು ಕುತ್ತಿಗೆಯೊಂದೇ. ಅದನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡ. ಸುಕನ್ಯಾ ಕಾದಳು. ಆಮೇಲೆ ಒಣ ಪಂಚೆ ಉಡಿಸಿ, ಒದ್ದೆಯದನ್ನು ಹಿಂಡಿ ಹರವಿ ಬಂದಳು.

ಮರುದಿನ ಬೆಳಿಗ್ಗೆ ದುರುಗಪ್ಪ ಕರೆಯದೆಯೇ ಬಂದು ಗೂಡಿನ ಸ್ಕ್ರೂಗಳನ್ನು ಬಿಚ್ಚುತ್ತಿದ್ದ.

"ಅಕ್ಕಾರ, ನಾನೇ ಮಬ್ಬತನ ಮಾಡಿ ಹಂಗ ಕಟ್ಟಿದೆ ಅಂತ ಬೆನಕಪ್ಪ ಯಜಮಾನ್ರಿಗೆ ಹೇಳೀನ್ರಿ. ನಿಮ್ಮ ಮ್ಯಾಲೇನೂ ತಪ್ಪಿಲ್ಲ ಅಂದೆ."

"ಅವ್ರು ಏನಂದ್ರು?"

"ನಗಾಕ ಹತ್ತಿದ್ರು, ಬಿಡ್ರಿ."

ಸುಕನ್ಯಾ ಬಿಚ್ಚಿದ ಹಲಗೆಗಳನ್ನು ಒಂದೊಂದಾಗಿ ಆಚೆ ಇಟ್ಟಳು. ಜಾಗ ಬಯಲಾದ ಮೇಲೆ ಹೇಳಿದಳು: "ಇಲ್ಲಿ ಒಂದು ಮಂಚ ಹಾಕು. ಒಬ್ಬರಿಗೆ ಆಗೂವಷ್ಟು. ಇನ್ನ ಸಂಜೀಕ ಬಸ್ಸಿಗೆ ಓಡಿ ಬರೂದಿಲ್ಲ. ಸಂತಿ ಎಲ್ಲೈತೋ ಅಲ್ಲೇ ಮಲಗ್ತೀನಿ. ಯಾವಾಗರ ಬಂದು ಅತ್ತೀನ್ನ ನೋಡಿ ಹೋಗ್ತೀನಿ."

ದುರುಗಪ್ಪ ಅಳತೆಯ ಟೇಪು ತೆಗೆದ. ಅವಳು ಹೊಸ ಪ್ಲೈವುಡ್ ಮೇಲೆ ಉದ್ದಕ್ಕೆ ಮಲಗಿದಳು. ಅವನು ಟೇಪಿನ ತುದಿಯನ್ನು ಅವಳ ಕೈಗೇ ಕೊಟ್ಟು, ತಲೆಯ ಹತ್ತಿರ ಹಿಡಿದುಕೊಳ್ಳಿ ಎಂದು ಮುಖ ಆಚೆ ಮಾಡಿದ.

ಮನೆಯೊಳಗಿಂದ ಗಂಡನ ಕೂಗು ಬಂತು. "ಸುಕನ್ಯಾ... ನೀರು."

ದುರುಗಪ್ಪ ಟೇಪು ಸಡಿಲ ಬಿಟ್ಟ.

"ಬಿಗಿ ಹಿಡಿ," ಎಂದಳು ಸುಕನ್ಯಾ, ಮಲಗಿದಲ್ಲಿಂದಲೇ. ಎರಡನೆಯ ಸಲ ಕೂಗಿದಾಗ ಅತ್ತೆ ಪಡಸಾಲೆಯತ್ತ ಕಾಲೆಳೆಯುತ್ತ ಹೋದದ್ದು ಕೇಳಿಸಿತು.