ಎಲ್ಲಾರದೂ ನಿಂತದ

"ಲೇ ಸೂಗಿ, ಕಳ್ಳ ರಂಡೆ! ಮೊಹರಂ ಹೋತು, ದೀವಳಿಗಿ ಹೋತು, ಒಂದು ಸರ್ತಿನಾದ್ರೂ ಕಡಿಗೆ ಕುಂತೀಯೇನಲೇ ನೀನು? ಮುಟ್ಟಿನ ಮೈಲಿ ಇಟ್ಕೊಂಡು ದೇವರ ಭತ್ತ ತುಳೀತಿ?"

ಆಳು ದುಡಿಸುವ ಮುಕಾದಮ ಮಹಾಂತಯ್ಯನ ಕೂಗಿಗೆ ಗಿರಣಿಯ ಅಂಗಳದಲ್ಲಿದ್ದ ಹೆಂಗಸರೆಲ್ಲ ನಿಂತಲ್ಲೇ ನಿಂತರು. ಸೂಗಮ್ಮ ಮಾತ್ರ ಭತ್ತದ ಹರವಿನ ನಡುವೆ ಕಾಲೆಳೆಯುತ್ತ ನಡೆದೇ ಇದ್ದಳು. ಬೆಳಗಿನಿಂದ ಹಾಗೆ ತುಳಿತುಳಿದು ಕಾಳು ಮಗುಚುವುದೇ ಅವಳ ಕೆಲಸ. ಪಕ್ಕದಲ್ಲಿ ಭತ್ತ ಬೇಯಿಸುವ ಹಂಡೆಗಳು ಕುದಿಯುತ್ತಿದ್ದವು. ರಾಯಚೂರಿನ ಬಿಸಿಲು ಮೇಲೆ, ಹಂಡೆಯ ಹಬೆ ಮಗ್ಗುಲಿಗೆ.

ಗಿರಣಿ ಜಗನ್ನಾಥರಾಯರದು. ಯುದ್ಧದ ಕಾಲ, ದೇವದುರ್ಗದ ಹೊಳೆದಂಡೆಯಿಂದ ಸರ್ಕಾರ ರೈತರಿಂದ ಕಡ್ಡಾಯವಾಗಿ ಎತ್ತುವ ಲೆವಿ ಭತ್ತ ಬಂಡಿಗಟ್ಟಲೆ ಬಂದು ಬೀಳುತ್ತಿತ್ತು. ಪ್ರತಿ ತಿಂಗಳ ಮೊದಲ ಅಕ್ಕಿ ದೇವರ ಗುಡಿಗೆ ಹೋಗುತ್ತದೆಂದು ಅಲ್ಲೊಂದು ಕಟ್ಟಳೆ ಇತ್ತು: ಹೊರಗಾದವಳು ಅಂಗಳಕ್ಕೆ ಕಾಲಿಡಬಾರದು. ಅಷ್ಟು ದಿನ ಕೆಲಸವೂ ಇಲ್ಲ, ಸಂಜೆ ಸೆರಗಿಗೆ ಹಾಕುವ ನುಚ್ಚೂ ಇಲ್ಲ. ಊರಾಚೆಯ ಕೇರಿಯ ಮಕ್ಕಳು ತಮ್ಮ ಅವ್ವಂದಿರ ಮುಟ್ಟನ್ನು ಹೊಟ್ಟೆಯ ಚುರುಕಿನಿಂದಲೇ ತಿಳಿಯುತ್ತಿದ್ದವು.

"ಕಿವುಡಿ ಆದೇನಲೇ?" ಮಹಾಂತಯ್ಯ ಬೆತ್ತದಿಂದ ಅವಳ ಮೊಣಕಾಲು ತಿವಿದ.

"ನಂದು ನಿಂತದ್ರೀ ಯಪ್ಪಾ."

"ಏನು ನಿಂತದ?"

"ಅದಾ. ಮುಟ್ಟು."

ಮಹಾಂತಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. "ಮೂವತ್ನಾಕು ಆಗಿಲ್ಲ, ಆಗಲೇ ಮುದುಕಿ ಆಗ್ಯಾಳಂತ ಬೋಸುಡಿ! ಧಣೇರ, ಕೇಳಿದ್ರೇನ್ರಿ?"

ಜಗನ್ನಾಥರಾಯರು ಗದ್ದಿಗೆಯಿಂದ ಎದ್ದು ಬಾಗಿಲಿಗೆ ಬಂದರು. ಹಣೆಯ ಮೇಲೆ ಅಂಗಾರ, ಅಕ್ಷತೆ, ಬಾಯಲ್ಲಿ ಎಲೆಯಡಿಕೆ. ಉಗುಳಿ ಬಂದು ಹೇಳಿದರು: "ಅಕಾಲಕ್ಕ ನಿಲ್ಲೋದು ಅಂದ್ರ ಹಿಂದಿನ ಜನ್ಮದ ಪಾಪ. ಒಂದೋ ಪಾಪಿ, ಇಲ್ಲಾ ಸುಳ್ಳಿ. ನಮ್ಮ ಭಾಗೀರಥಿ ಅತ್ಯಾ ಪರೀಕ್ಷಾ ಮಾಡ್ತಾಳ. ಹಿತ್ತಲಕ್ಕ ಕಳಸು."

ಸೂಗಮ್ಮನ ಕಿವಿ ಕಾದವು. ಎರಡು ವರ್ಷದಿಂದ ಈ ಸಂಗತಿಯನ್ನು ಅವಳು ಗಂಡ ಹಂಪಯ್ಯನಿಗೂ ಹೇಳಿರಲಿಲ್ಲ. ಜೋಳವೆಲ್ಲ ಲೆವಿಗೆ ಹೋಗಿ ತಮ್ಮೂರು ಮಲ್ಲಟದ ಮನೆಯಲ್ಲಿ ಸೊಪ್ಪು ಬೇಯಿಸಿ ತಿಂದ ವರ್ಷ ಅದು ನಿಂತಿತ್ತು. ಬಸಿರಾದೆನೆಂದು ಕಾದಳು, ಹುಣಸೆಕಾಯಿಯನ್ನೂ ಕಡಿದು ನೋಡಿದಳು. ಏನೂ ಇಲ್ಲ. ಆಮೇಲೆ ಶುರುವಾಯಿತು ಆ ಉರಿ; ಎದೆಯಿಂದೆದ್ದು ನೆತ್ತಿಗೇರುವುದು, ನೀರಲ್ಲಿ ಅದ್ದಿದಂತೆ ಬೆವರುವುದು. ತನಗೆ ಯಾವುದೋ ಗಾಳಿ ಬಡಿದಿದೆ ಎಂದುಕೊಂಡಿದ್ದಳು.

ಹಿತ್ತಲಲ್ಲಿ ಭಾಗೀರಥಿಬಾಯಿ ಕೆಂಪು ಸೀರೆಯನ್ನು ಬೋಳುತಲೆಯ ಮೇಲೆ ಎಳೆದುಕೊಂಡು ತುಳಸಿಕಟ್ಟೆಯ ಆಚೆ ನಿಂತಿದ್ದಳು. ಹದಿನಾರಕ್ಕೆ ಗಂಡ ಸತ್ತು ಅಣ್ಣನ ಮನೆ ಸೇರಿದವಳು; ಈಗ ಅಣ್ಣನ ಮಗನ ಅಡುಗೆಮನೆಯಲ್ಲಿ ಹೊಗೆ ಕುಡಿಯುತ್ತಿದ್ದಳು. ಸೂಗಮ್ಮ ಸೀರೆಯ ನಿರಿಗೆಗೆ ಕೈಹಾಕಿದಳು.

"ಬಿಡ ಮಾರಾಯ್ತಿ. ಮುಟ್ಟಂಗಿಲ್ಲ, ನೋಡಂಗಿಲ್ಲ, ಪರೀಕ್ಷಾ ಅಂತ ಪರೀಕ್ಷಾ! ಅವನಿಗೆ ಬುದ್ಧಿ ಇಲ್ಲ." ಭಾಗೀರಥಿಬಾಯಿ ಹಿಂದೆ ನೋಡಿ ದನಿ ಇಳಿಸಿದಳು. "ಒಂದು ಹೇಳು. ಮೈಯಾಗ ಭಗ್ ಅಂತ ಬೆಂಕಿ ಹತ್ತಿಧಾಂಗ ಆಗ್ತದೇನು?"

ಸೂಗಮ್ಮ ಕಣ್ಣರಳಿಸಿದಳು. "ನಿಮಗ ಯಾರ್ ಹೇಳಿದ್ರೀ ಅವ್ವಾರ?"

"ಹುಗ್ಗಿಗಡಿಗಿ ಹಂಗ ಬುಸುಬುಸು ಅಂತದ? ಸುಮ್ಮಸುಮ್ಮನ ಅಳು ಬರ್ತದ? ಕಂಡಕಂಡವರನ್ನ ಕಡೀಬೇಕು ಅನಸ್ತದ?"

"ಮುಕಾದಮನ್ನ ನೋಡಿದಾಗೆಲ್ಲಾ ಅನಸ್ತಾದ್ರೀ."

ಭಾಗೀರಥಿಬಾಯಿಯ ಗಂಟಲಿಂದ ಒಂದು ವಿಚಿತ್ರ ಸದ್ದು ಹೊರಟಿತು. ನಗು ಎಂದು ಸೂಗಮ್ಮನಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. "ನಂದೂ ಮೂವತ್ತಕ್ಕ ನಿಂತು ಹೋತು ತಂಗಿ."

"ನೀವ್ಯಾವ ಪಾಪ ಮಾಡಿದ್ರೀ ಅವ್ವಾರ?"

"ಪಾಪ ಮಾಡಾಕರ ಎಲ್ಲಿ ಬಿಟ್ರು ಇವರು!"

ಈಗ ಇಬ್ಬರಿಗೂ ತಡೆಯಲಾಗಲಿಲ್ಲ. ಒಬ್ಬಳು ಸೆರಗನ್ನು, ಇನ್ನೊಬ್ಬಳು ಮುಷ್ಟಿಯನ್ನು ಬಾಯಿಗೆ ತುರುಕಿಕೊಂಡು ತುಳಸಿಕಟ್ಟೆಯ ಆಚೆ ಈಚೆ ಕೂತು ಅಲುಗಾಡಿದರು.

ಉಸಿರು ಹಿಡಿದುಕೊಂಡು ಭಾಗೀರಥಿಬಾಯಿ ಹೇಳಿದಳು: "ಒಮ್ಮೆ ಸೊಸಿ ಬಾಣಂತನಕ್ಕ ಡಾಕ್ಟರಬಾಯಿ ಬಂದಿದ್ಳು. ಕೇಳಿದೆ. ಐವತ್ತರ ಸುಮಾರಿಗೆ ಎಲ್ಲಾರಿಗೂ ತಾನಾಗೇ ನಿಲ್ತದಂತ. ಕೆಲವರಿಗೆ ಮೊದಲೇ. ತಾಯಿಗೆ ಹಂಗಾಗಿದ್ರ ಮಗಳಿಗೂ ಬರ್ತದಂತ. ಗರ್ಭಚೀಲಕ್ಕ ಜಡ್ಡು ಬಂದ್ರ, ಕೊಯ್ದು ತಗದ್ರ, ತಂಬಾಕ ತಿಂದ್ರ, ಹೊಟ್ಟಿಗಿಲ್ಲದ ಮೈ ಒಣಗಿದ್ರನೂ ನಿಲ್ತದಂತ. ನಂದು ಒಪ್ಪತ್ತಿನ ಊಟ, ಏಕಾದಶಿಗೆ ನೀರೂ ಇಲ್ಲ. ಕೆಲವರಿಗೆ ಯಾಕಂತ ಅಕಿಗೂ ತಿಳೀದು. ಆದ್ರ ಪಾಪ ಅನ್ನೋ ಮಾತು ಅಕಿ ಬಾಯಾಗ ಬರಲಿಲ್ಲ ನೋಡು."

ಸೂಗಮ್ಮನಿಗೆ ತನ್ನವ್ವ ನೆನಪಾದಳು. ಮೈಮೇಲೆ ದೇವರು ಬರುವವಳೆಂದು ಊರು ಹೆದರುತ್ತಿದ್ದ ಅವ್ವ, ಚಳಿಗಾಲದಲ್ಲೂ ಬರಿಗಲ್ಲಿನ ಮೇಲೆ ಹೊರಳುತ್ತಿದ್ದಳು. ಹಾಗಾದರೆ ಅವಳಿಗೆ ಯಾವ ದೇವರೂ ಬಂದಿರಲಿಲ್ಲ! ಎದೆಯ ಮೇಲಿನ ಚಪ್ಪಡಿಯನ್ನು ಯಾರೋ ಎತ್ತಿ ಬಿಸಾಕಿದಂತಾಯಿತು.

"ಖರೇನಾ ನಿಂತದ!" ಎಂದು ಭಾಗೀರಥಿಬಾಯಿ ಒಳಗಿನಿಂದಲೇ ಕೂಗಿದಳು.

ಮಹಾಂತಯ್ಯ ಮೀಸೆ ತಿಕ್ಕುತ್ತ ಯೋಚಿಸಿದ. ಮುಖ ಬೆಳಗಿತು. "ಧಣೇರ, ಇಂಥವ್ರೇ ಚಲೋ ಅಲ್ಲೇನ್ರಿ? ತಿಂಗಳು ಪೂರ್ತಿ ದುಡೀತಾರ, ದೇವರಿಗೂ ಮೈಲಿಗಿ ಇಲ್ಲ. ಕೇಳ್ರೇ! ನಾಳಿಂದ ಮುಟ್ಟು ನಿಂತವರಿಗಷ್ಟೇ ಕೆಲಸ. ಉಳಿದವ್ರು ಗಂಟು ಕಟ್ರಿ!"

ಸಂಜೆ ಕೇರಿಯ ದಾರಿಯಲ್ಲಿ ಯಾರೂ ಸೂಗಮ್ಮನ ಜೊತೆ ಮಾತಾಡಲಿಲ್ಲ. ತುಂಬು ಬಸುರಿ ಗೋಪಮ್ಮ ಅವಳ ಕಾಲಬುಡದಲ್ಲೇ ಉಗುಳಿದಳು. "ನಿಂದು ನಿಂತದ್ದಕ್ಕ ನಮ್ಮ ಒಲಿ ಆರಿತಲ್ಲೇ, ಹಾಳಾದಾಕಿ."

"ಹಂಗಾರ ನಿಮ್ಮವೂ ನಿಲ್ಲಸ್ರೆವಾ," ಎಂದಳು ಸೂಗಮ್ಮ.

"ಏನು, ಎತ್ತು ನಿಲ್ಲಸಿಧಾಂಗ ಹೋ ಅಂದ್ರ ನಿಲ್ತದೇನು?"

"ಅನ್ರಿ! ನಾಳಿ ಎಲ್ಲಾರೂ ನಿಂತದ ಅನ್ರಿ. ಮುಕಾದಮ ಒಳಗ ಹೊಕ್ಕು ನೋಡ್ತಾನೇನು?"

ಸ್ಟೇಷನ್ನಿನ ಕಡೆ ಗಾಡಿಯೊಂದು ಸಿಳ್ಳು ಹಾಕಿತು. ಮೊದಲು ನಕ್ಕವಳು ಮುದುಕಿ ಕನಕಮ್ಮ. ನಗು ಒಬ್ಬಳಿಂದ ಒಬ್ಬಳಿಗೆ ಹತ್ತಿ, ದಾರಿಯಲ್ಲಿ ಹೋಗುವವರು ಇವರೆಲ್ಲ ಸೇಂದಿ ಕುಡಿದಿದ್ದಾರೆಂದುಕೊಂಡರು.

ಮರುದಿನ ಮಹಾಂತಯ್ಯ ಗೇಟಿನಲ್ಲಿ ಕುರ್ಚಿ ಹಾಕಿ ಕೂತ.

"ಕನಕಿ, ನಿಂದು?"

"ಯಾವಾಗೋ ನಿಂತದ ನನ್ನಪ್ಪಾ. ವಯಸ್ಸಾತು, ತಾನಾಗೇ ನಿಂತು ಹೋತು."

"ಹೋಗು ಒಳಗ. ದುರುಗಿ?"

ಇಪ್ಪತ್ತು ತುಂಬದ ದುರುಗಮ್ಮ ಕೊರಳು ಕೊಂಕಿಸಿದಳು. "ನಿಂತದ."

"ಯಾವಾಗಲೇ?"

"ನಿನ್ನಿ ಸಂಜಿಕ."

"ಯಾಕ?"

"ನಿನ್ನ ಮಾರಿ ನೋಡಿ."

ಸಾಲು ಕಿಸಕ್ಕೆಂದಿತು. ಮಹಾಂತಯ್ಯ ಎದ್ದು ನಿಂತ. "ಗೋಪಿ! ನಿಂದೂ ನಿಂತದ ಅಂತೀಯೇನಲೇ?"

ಗೋಪಮ್ಮ ಹೊಟ್ಟೆಯನ್ನು ಅವನ ಮೂಗಿನ ತನಕ ತಂದಳು. "ನಿಂತದ, ನೋಡು ಯಪ್ಪಾ! ಎಂಟು ತಿಂಗಳಾತು. ಬೇಕಾರ ಕಿವಿ ಹಚ್ಚಿ ಕೇಳು, ಒಳಗಿಂದ ಸಾಕ್ಷಿ ಹೇಳ್ತದ!"

ಇನ್ನು ಸಾಲು ಉಳಿಯಲಿಲ್ಲ. "ನಂದು ನಿಮ್ಮ ಹಂಡೇದ ಕಾವಿಗೆ ನಿಂತದ!" "ನಂದು ನುಚ್ಚಿಗೆ ನಿಂತದ, ಹುಳದ ನುಚ್ಚಿಗೆ!" "ನಮ್ಮವ್ವಂದು ನಿಂತಿತ್ತು, ನಂದೂ ನಿಂತದ!" "ನಂದು ಹಸದು ಹಸದು ನಿಂತದ, ಬರಿಯೋ ಯಪ್ಪಾ, ಕಲ್ಲಾಗ ಕೊರಸು!" ಸೂಗಮ್ಮನಿಗೆ ಗಾಳಿಯಲ್ಲಿ ತೇಲಿದಂತಾಗಿತ್ತು. ಎರಡು ವರ್ಷ ಹೊಟ್ಟೆಯೊಳಗೆ ಮುಚ್ಚಿಟ್ಟಿದ್ದ ಮಾತನ್ನು ಎಲ್ಲರೂ ಬೀದಿಯಲ್ಲಿ ನಿಂತು ಕೇಕೆ ಹಾಕಿ ಹೇಳುತ್ತಿದ್ದರು.

ಗದ್ದಲಕ್ಕೆ ಜಗನ್ನಾಥರಾಯರು ಓಡಿ ಬಂದರು. "ಅತ್ಯಾ! ಬಾ ಇಲ್ಲಿ! ಇವರನ್ನೆಲ್ಲಾ ನೋಡು!"

ಭಾಗೀರಥಿಬಾಯಿ ಹಿತ್ತಲ ಬಾಗಿಲಲ್ಲಿ ನಿಂತು, ಒಂದು ಮುಖವನ್ನೂ ನೋಡದೆ ಹೇಳಿದಳು: "ಎಲ್ಲಾರದೂ ನಿಂತದ."

ರಾಯರ ಮುಖ ಕೆಂಪಾಯಿತು. ಅಂಗಳದ ಕಡೆಯ ಕಟ್ಟೆಯ ಮೇಲೆ ಗುಡಿಗೆ ಹೋಗುವ ಅಕ್ಕಿಯ ಚೀಲಗಳನ್ನು ಹೊಲಿದು ಒಟ್ಟಿದ್ದರು. ಸತ್ತಾರ್ ಸಾಬ್ ಬಂಡಿ ಹೂಡಿಕೊಂಡು ಕಾಯುತ್ತಿದ್ದ. ರಾಯರು ಸಿಟ್ಟಿನಲ್ಲಿ ಅತ್ತ ಬೆರಳು ಚಾಚಿದರು.

"ಹೌದಾ? ದೇವರ ಚೀಲ ಮುಟ್ಟಿ ಆಣಿ ಮಾಡ್ರಿ ನೋಡೂಣು! ಸುಳ್ಳಾಡಿದಾಕಿ ಕೈ ಬಿದ್ದು ಹೋಗ್ಲಿ!"

"ಧಣೇರ... ಧಣೇರ, ಬ್ಯಾಡ್ರೀ!" ಮಹಾಂತಯ್ಯ ಅವರ ಧೋತರ ಜಗ್ಗಿದ. ಹೊಟ್ಟಿರುವ ತನಕ ಭತ್ತವನ್ನು ಈ ಕೇರಿಯವರು ಹೊರಬಹುದು, ತುಳಿಯಬಹುದು. ಹೊಟ್ಟು ಕಳಚಿ ಬಿಳಿಯಾದ ಅಕ್ಕಿಯ ಹತ್ತಿರ ಅವರ ನೆರಳೂ ಸುಳಿಯುವಂತಿರಲಿಲ್ಲ. ಅದು ರಾಯರಿಗೆ ನೆನಪಾಗುವಷ್ಟರಲ್ಲಿ ಹೆಂಗಸರು ಓಡಿಯಾಗಿತ್ತು.

ಎಲ್ಲರಿಗಿಂತ ಮುಂದೆ ಸೂಗಮ್ಮ. ಎರಡೂ ಅಂಗೈ ಊರಿ, ಕೆನ್ನೆಯನ್ನೂ ಚೀಲಕ್ಕೆ ಒತ್ತಿ, "ನಿಂತದ, ನಮ್ಮಪ್ಪನಾಣಿ ನಿಂತದ!" ಎಂದು ಕೂಗಿದಳು. ಅವಳ ಹಿಂದೆ ಕೈಗಳ ಮೇಲೆ ಕೈಗಳು ಬಿದ್ದವು. ಕನಕಮ್ಮ ಚೀಲವನ್ನು ತಬ್ಬಿಕೊಂಡು ಮುತ್ತಿಟ್ಟಳು. "ಬಗ್ಗಾಕ ಆಗಂಗಿಲ್ರೀ, ಕುಂತ್ಕೊಂಡೇ ಆಣಿ ಮಾಡ್ತೀನಿ," ಎಂದು ಗೋಪಮ್ಮ ಒಂದು ಚೀಲದ ಮೇಲೆ ಧೊಪ್ಪನೆ ಕೂತೇಬಿಟ್ಟಳು.

ರಾಯರ ಬಾಯಿಂದ ಎಲೆಯಡಿಕೆ ಜೊಲ್ಲು ಅಂಗಿಯ ಮೇಲೆ ಇಳಿಯಿತು.

"ಸಾವ್ಕಾರ್," ಸತ್ತಾರ್ ಸಾಬ್ ತಲೆ ಕೆರೆದುಕೊಂಡ, "ಈ ಮಾಲು ಈಗ ಗುಡಿಗೇನ್ರಿ, ಇವರ ಮನಿಗೇನ್ರಿ?"

ರಾಯರು ಗಿರಣಿಯೊಳಗಿನ ಹಮಾಲರತ್ತ ಕೈ ಬೀಸಿದರು. ಮಹಾಂತಯ್ಯ ಹೋಗಿ ಗೇಟಿನ ಅಗಳಿ ಜಡಿದ. ಹಮಾಲರು ಬಡಿಗೆ ಹಿಡಿದು ಹೊರಬಂದರು. ಹೆಂಗಸರು ಇನ್ನೂ ನಗುತ್ತಲೇ ಒಬ್ಬರನ್ನೊಬ್ಬರು ಎಳೆದುಕೊಂಡು ಚೀಲಗಳ ರಾಶಿ ಹತ್ತಿದರು. ಮೇಲಕ್ಕೆ ಬಂದ ದುರುಗಮ್ಮ ಸೂಗಮ್ಮನ ಕಿವಿಗೆ ಬಾಯಿ ತಂದಳು.

"ಯಕ್ಕಾ, ಒಂದು ಮಾತು. ನನಗ ಖರೇ ಅಂದ್ರ ಇವತ್ತ ಮುಂಜಾನಿ ಮುಟ್ಟಾಗ್ಯಾದ."

ಸೂಗಮ್ಮ ಸರಿದು, ತನ್ನ ಮತ್ತು ಗೋಪಮ್ಮನ ನಡುವೆ ಜಾಗ ಮಾಡಿದಳು.

"ಕುಂದ್ರು ಬೇ. ನಡುವ ಕುಂದ್ರು."