ಬಾಗಿದ ರಟ್ಟು

ಸೂಪರ್‌ವೈಸರ್ ವೆಂಕಟರಂಗಯ್ಯ ಗೋಣಿಚೀಲವನ್ನು ತಲೆಕೆಳಗು ಮಾಡಿ ಒದರಿದ. ಹರಿದ, ಮುದುರಿದ, ಅರ್ಧ ಬಿಚ್ಚಿಕೊಂಡ ಸೋಪಿನ ಡಬ್ಬಿಗಳು ಸಿದ್ದಲಕ್ಷ್ಮಮ್ಮನ ಪಾದದ ಮೇಲೆ ಬಿದ್ದವು.

"ಒಂದೊತ್ತಿಗೆ ಇಷ್ಟು ರಟ್ಟು ಹಾಳು! ಬೊಂಬಾಯಿಂದ ತರ್ಸಿರೋ ಮಿಷನ್ನು ಸರಿಯಾಗೇ ಇದೆ. ನಿಮ್ ಕೈ ಸರಿ ಇಲ್ಲ. ಪಾತ್ರೆ ತೊಳ್ದು ಒದ್ದೆ ಕೈಲೇ ಬಂದು ರಟ್ಟು ಮುಟ್ತೀರ. ತುಂಬು ಚೀಲಕ್ಕೆ. ತಲೆ ಮೇಲೆ ಹೊತ್ಕೊಂಡು ಗೇಟ್ ತಂಕ ಹೋಗ್ಬಾ. ಎಲ್ರೂ ನೋಡ್ಲಿ."

ಊಟದ ಬೆಲ್ಲು ಆಗಷ್ಟೇ ಹೊಡೆದಿತ್ತು. ಗೇಟಿನವರೆಗೂ ಬೇವಿನ ಮರಗಳ ನೆರಳಲ್ಲಿ ಗಂಡಸರು ಸಾಲಾಗಿ ಕೂತು ಮುದ್ದೆ ಮುರಿಯುತ್ತಿದ್ದರು. ಸಿದ್ದಲಕ್ಷ್ಮಮ್ಮ ಚೀಲ ಹೊತ್ತು ಅವರ ಮುಂದೆ ಹೋದಳು, ಬಂದಳು. ಯಾರೋ ಒಬ್ಬ ನಕ್ಕ. ಉಳಿದವರು ತಲೆ ತಗ್ಗಿಸಿ ಊಟ ಮಾಡಿದರು. ನಕ್ಕವನಿಗಿಂತ ತಲೆ ತಗ್ಗಿಸಿದವರ ಮೇಲೆಯೇ ಅವಳಿಗೆ ಹೆಚ್ಚು ಸಿಟ್ಟು ಬಂತು.

ಅದು ಎಂಬತ್ತಮೂರರ ಆಷಾಢ. ಅಂತರಸನಹಳ್ಳಿಯ ಆ ಸೋಪ್ ಫ್ಯಾಕ್ಟರಿಗೆ ಮಿಷನ್ನು ಬಂದು ನಾಲ್ಕು ತಿಂಗಳಾಗಿತ್ತು. ಮಡಚಿದ ಡಬ್ಬಿಗಳನ್ನು ಅದರ ತಟ್ಟೆಗೆ ಜೋಡಿಸುವುದು ಸಿದ್ದಲಕ್ಷ್ಮಮ್ಮನ ಕೆಲಸ. ರಬ್ಬರಿನ ಬಟ್ಟಲುಗಳು ಗಾಳಿ ಹೀರಿ ಒಂದೊಂದೇ ಡಬ್ಬಿಯನ್ನು ಕಚ್ಚಿ ಎಳೆದು ಬಿಡಿಸುತ್ತಿದ್ದವು. ಕಬ್ಬಿಣದ ಕೈಯೊಂದು ಸೋಪನ್ನು ಒಳಕ್ಕೆ ತಳ್ಳುತ್ತಿತ್ತು. ಡಬ್ಬಿ ಸರಿಯಾಗಿ ಬಿಡಿಸಿಕೊಳ್ಳದಿದ್ದರೆ ಆ ಕೈ ರಟ್ಟನ್ನೇ ಹರಿದುಹಾಕುತ್ತಿತ್ತು. ಹರಿದದ್ದನ್ನು ಆರಿಸಿ, ಆ ಸೋಪನ್ನು ಕೈಯಿಂದ ಬೇರೆ ಡಬ್ಬಿಗೆ ತುಂಬಲು ಮಿಷನ್ನಿನ ಇನ್ನೊಂದು ತುದಿಯಲ್ಲಿ ಊರ್ಡಿಗೆರೆಯ ಪುಟ್ಟಗಂಗಮ್ಮ ಮತ್ತು ಅವಳ ತಂಗಿ ಚಿಕ್ಕಗಂಗಮ್ಮ ಇದ್ದರು.

ಸಂಜೆ ಬೆಳ್ಳಾವಿಯ ಬಸ್ಸಿನಲ್ಲಿ ಸಿದ್ದಲಕ್ಷ್ಮಮ್ಮ ಮಡಿಲಲ್ಲಿ ಐದಾರು ಹರಿದ ಡಬ್ಬಿ ಇಟ್ಟುಕೊಂಡು ಕೂತಿದ್ದಳು. ಮಡಚಿ, ನೀವಿ, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದಳು. ಎಲ್ಲವೂ ಒಂದೇ ಕಡೆಗೆ ಬಾಗಿದ್ದವು, ಆಷಾಢದ ಗಾಳಿಗಿಟ್ಟ ಹಪ್ಪಳದ ಹಾಗೆ.

ಮಾರನೆಯ ದಿನ ಗೋಡೌನಿಗೆ ಹೋಗಿ ರಟ್ಟಿನ ಡಬ್ಬಿಗಳ ಕಟ್ಟುಗಳನ್ನು ಮುಟ್ಟಿ ನೋಡಿದಳು. ಗೋಡೆಯ ಆಚೆಗೆ ಸೋಪು ಬೇಯಿಸುವ ಹಂಡೆಗಳು. ಮೇಲಿನ ಕಿಂಡಿಯಿಂದ ಹಬೆ ಇಳಿದು ಕಟ್ಟುಗಳ ಮೇಲೆ ಕೂರುತ್ತಿತ್ತು. ಲಾರಿಯಿಂದ ಆಗತಾನೆ ಇಳಿಸಿದ ಕಟ್ಟುಗಳು ಮಾತ್ರ ಹಲಗೆಯಂತೆ ನೆಟ್ಟಗಿದ್ದವು.

"ಸಾರ್, ರಟ್ಟು ಹಬೆಗೆ ಬಾಗ್ತಾ ಐತೆ. ಬಾಗಿರೋದನ್ನ ರಬ್ಬರ್ ಬಟ್ಟಲು ಹಿಡಿಯಕ್ಕಿಲ್ಲ" ಎಂದಳು.

"ನೀನ್ಯಾವಾಗಮ್ಮ ಇಂಜಿನಿಯರ್ ಆಗಿದ್ದು?" ಎಂದ ವೆಂಕಟರಂಗಯ್ಯ.

ಆಮೇಲೆ ಅವಳು ಅವನನ್ನು ಕೇಳಲಿಲ್ಲ. ಪೂರ್ವದ ಕಡೆ ಬಿಸಿಲು ಬೀಳುವ ಒಂದು ಖಾಲಿ ಕೋಣೆಯಿತ್ತು. ನಾಲ್ಕು ದಿನ ಊಟದ ಹೊತ್ತಿನಲ್ಲಿ ಮೂವರು ಹೆಂಗಸರೂ ಸೇರಿ ಕಟ್ಟುಗಳನ್ನೆಲ್ಲ ಅಲ್ಲಿಗೆ ಸಾಗಿಸಿದರು. ಮೇಲೆ ಹಲಗೆ ಹಾಕಿ ಚಪ್ಪಡಿ ಕಲ್ಲು ಹೇರಿದರು. ಪುಟ್ಟಗಂಗಮ್ಮ ಸೊಂಟ ಹಿಡಿದುಕೊಂಡು, "ಕಲ್ಲು ಹೊರಾಕೆ ಫ್ಯಾಕ್ಟ್ರಿಗೇ ಬರ್ಬೇಕಾಗಿತ್ತೇನಕ್ಕ?" ಎಂದು ನಗುತ್ತಿದ್ದಳು.

ದಿನಕ್ಕೆ ಎರಡು ಸಲ ತುಂಬುತ್ತಿದ್ದ ಗೋಣಿಚೀಲ ಒಂದು ವಾರವಾದರೂ ತುಂಬಲಿಲ್ಲ.

ಹದಿನೈದು ದಿನ ಕಳೆದ ಮೇಲೆ ವೆಂಕಟರಂಗಯ್ಯ ಇಬ್ಬರು ಅಕ್ಕತಂಗಿಯರನ್ನು ಕರೆದ. ಡಬ್ಬಿ ಹರಿಯುತ್ತಿಲ್ಲವಾದ್ದರಿಂದ ಆರಿಸುವ ಕೆಲಸವಿಲ್ಲ, ನಾಳೆಯಿಂದ ಬರಬೇಡಿ ಎಂದ. ತಾನೇ ಮಿಷನ್ನಿನ ತಿರುಪು ಸರಿಮಾಡಿ ರಟ್ಟು ಉಳಿಸಿದೆನೆಂದು ಅವನು ಆಫೀಸಿಗೆ ಆಗಲೇ ಬರೆದು ಕಳಿಸಿದ್ದ. ಬೆಂಗಳೂರಿನಿಂದ ಓನರ್ ಬಂದು ಅವನಿಗೆ ಶಾಲು ಹೊದಿಸುವ ದಿನವೂ ನಿಗದಿಯಾಗಿತ್ತು; ಫ್ಯಾಕ್ಟರಿಯಲ್ಲೆಲ್ಲ ಅದೇ ಸುದ್ದಿ.

ಚಿಕ್ಕಗಂಗಮ್ಮ ಅಳುತ್ತಾ ಬುತ್ತಿ ಕಟ್ಟಿಕೊಂಡಳು. ಪುಟ್ಟಗಂಗಮ್ಮ ಅಳಲಿಲ್ಲ. "ನೀನು ಸುಮ್ಕಿದ್ದಿದ್ರೆ ನಮ್ ಕೆಲ್ಸ ಉಳಿತಿತ್ತು ಕಣಕ್ಕ" ಎಂದಳು. ಮೆಲ್ಲಗೇ ಹೇಳಿದಳು. ಸಿದ್ದಲಕ್ಷ್ಮಮ್ಮನಿಗೆ ಆ ರಾತ್ರಿ ಅನ್ನ ಇಳಿಯಲಿಲ್ಲ.

ಓನರ್ ಬರುವುದಕ್ಕೆ ಮೂರು ದಿನ ಮೊದಲು ವೆಂಕಟರಂಗಯ್ಯ ಪೂರ್ವದ ಕೋಣೆಯನ್ನು ಖಾಲಿ ಮಾಡಿಸಿದ. ಓನರ್ ಊಟಕ್ಕೆ ಅಲ್ಲಿ ಕುರ್ಚಿ ಮೇಜು ಹಾಕಿಸಬೇಕಾಗಿತ್ತು. ಕಟ್ಟುಗಳು ಮತ್ತೆ ಗೋಡೌನಿಗೆ, ಹಂಡೆಗಳ ಗೋಡೆಯ ಪಕ್ಕಕ್ಕೆ ಹೋದವು.

"ಅಲ್ಲಿಡ್ಬೇಡಿ ಸಾರ್, ತಿರ್ಗ ಬಾಗ್ತವೆ" ಎಂದಳು ಸಿದ್ದಲಕ್ಷ್ಮಮ್ಮ.

"ಬಾಯ್ಮುಚ್ಕೊಂಡು ನಿನ್ ಕೆಲ್ಸ ನೋಡು."

ಅವಳು ಬಾಯಿ ಮುಚ್ಚಿಕೊಂಡಳು.

ತೊಳೆದು ಒರೆಸಲೆಂದು ಮೂರು ದಿನ ನಿಲ್ಲಿಸಿದ್ದ ಮಿಷನ್ನಿಗೆ ಓನರ್ ಬಂದ ದಿನ ಚೆಂಡುಹೂವಿನ ಹಾರ ಹಾಕಿದ್ದರು. ಸ್ವಿಚ್ಚು ಒತ್ತಿದರು. ಹತ್ತು ಡಬ್ಬಿ ಸರಿಯಾಗಿ ಹೋದವು. ಹನ್ನೊಂದನೆಯದು ಪರ್ರನೆ ಹರಿಯಿತು. ಆಮೇಲೆ ಒಂದರ ಹಿಂದೆ ಒಂದು. ಆರಿಸುವವರು ಇರಲಿಲ್ಲವಾದ್ದರಿಂದ ಹರಿದ ರಟ್ಟು ಬೆಲ್ಟಿನ ಮೇಲೆ ರಾಶಿ ಬಿದ್ದು ಮಿಷನ್ನು ಗಕ್ಕನೆ ನಿಂತಿತು.

ಓನರ್ ಮುಖ ಕೆಂಪೇರಿತು. "ಏನ್ರಿ ಇದು?"

ವೆಂಕಟರಂಗಯ್ಯನ ಬೆರಳು ಸಿದ್ದಲಕ್ಷ್ಮಮ್ಮನ ಕಡೆ ತಿರುಗಿತು. "ಇವ್ಳೇ ಸಾರ್. ಒದ್ದೆ ಕೈ. ಎಷ್ಟು ಹೇಳಿದ್ರೂ..."

ಅವಳು ತಟ್ಟೆಯಿಂದ ಒಂದು ಡಬ್ಬಿ ತೆಗೆದು ಓನರ್ ಕಣ್ಣ ಮುಂದೆ ಹಿಡಿದಳು. ಇನ್ನೊಂದು ಕೈಯ ಅಂಗೈಯನ್ನು ಬಿಡಿಸಿ ತೋರಿಸಿದಳು.

"ಮುಟ್ಟಿ ನೋಡಿ ಸ್ವಾಮಿ, ಒದ್ದೆ ಐತಾ? ಬಾಗಿರೋದು ರಟ್ಟು. ಯಾತಕ್ಕೆ ಬಾಗ್ತು, ಯಾರು ಸರಿ ಮಾಡಿದ್ರು ಅಂತ ಇವ್ರನ್ನೇ ಕೇಳಿ. ಇವ್ರು ಯಾವ್ ತಿರುಪು ತಿರುಗ್ಸಿದ್ರು, ಈಗ ತಿರುಗ್ಸಿ ತೋರುಸ್ಲಿ."

ವೆಂಕಟರಂಗಯ್ಯ ಮಿಷನ್ನಿನ ಹತ್ತಿರ ಹೋಗಿ ಒಂದು ತಿರುಪಿನ ಮೇಲೆ ಕೈಯಿಟ್ಟ. ಮತ್ತೊಂದರ ಮೇಲಿಟ್ಟ. ಯಾವುದನ್ನೂ ತಿರುಗಿಸದೆ ಕೈ ಹಿಂದಕ್ಕೆಳೆದುಕೊಂಡ.

"ನಿನಗೆ ಗೊತ್ತಾ?" ಎಂದರು ಓನರ್.

"ಗೊತ್ತು. ಮಾಡಿದ್ದು ನಾವು ಮೂರು ಜನ. ಇಬ್ರನ್ನ ಮನೇಗೆ ಕಳ್ಸವ್ರೆ. ರಟ್ಟು ಉಳ್ಸಿದ್ದಕ್ಕೆ. ಅವ್ರು ಬರ್ಲಿ, ತೋರುಸ್ತೀವಿ."

"ಮೊದಲು ತೋರಿಸು, ಆಮೇಲೆ ನೋಡೋಣ."

"ಇಲ್ಲ ಸ್ವಾಮಿ" ಎಂದಳು ಸಿದ್ದಲಕ್ಷ್ಮಮ್ಮ. ತಟ್ಟೆಯಲ್ಲಿ ಉಳಿದಿದ್ದ ಡಬ್ಬಿಗಳನ್ನು ಒಟ್ಟುಮಾಡಿ ಕೆಳಗಿಟ್ಟು, ಮಿಷನ್ನಿನ ಪಕ್ಕದ ನೆಲದ ಮೇಲೆ ಕೂತುಬಿಟ್ಟಳು.

ಆ ದಿನ ಶಾಲು ಪೆಟ್ಟಿಗೆಯಲ್ಲೇ ಉಳಿಯಿತು. ಮಿಷನ್ನು ಎರಡು ದಿನ ಸರಿಯಾಗಿ ಓಡಲಿಲ್ಲ. ಮೂರನೆಯ ದಿನ ಊರ್ಡಿಗೆರೆಗೆ ಜೀಪು ಹೋಯಿತು.

ನಾಲ್ಕನೆಯ ದಿನದ ಬೆಳಗ್ಗೆ ಅಕ್ಕತಂಗಿಯರು ಗೇಟಿನ ಹತ್ತಿರ ಬಂದು ನಿಂತರು. ಬೋರ್ಡಿನ ಮೇಲೆ ಟೈಪು ಮಾಡಿದ ನೋಟೀಸು ಅಂಟಿಸಿತ್ತು. ಮೂರನೇ ಕ್ಲಾಸಿನವರೆಗೆ ಓದಿದ್ದ ಸಿದ್ದಲಕ್ಷ್ಮಮ್ಮ ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ಓದಿದಳು. 'ಆಡಳಿತ ವರ್ಗದವರು ಕರುಣೆಯಿಂದ' ಎಂದಿತ್ತು. 'ಬಡ ಹೆಂಗಸರ ಕ್ಷಮಾಪಣೆಯನ್ನು ಮನ್ನಿಸಿ' ಎಂದಿತ್ತು. ಕೊನೆಯವರೆಗೂ ಓದಿ, ಮತ್ತೆ ಮೊದಲಿನಿಂದ ಓದಿದಳು.

"ಏನಂತ ಬರ್ದವ್ರೆ ಅಕ್ಕ?" ಎಂದಳು ಪುಟ್ಟಗಂಗಮ್ಮ.

ಸಿದ್ದಲಕ್ಷ್ಮಮ್ಮ ನೋಟೀಸಿಗೆ ಬೆನ್ನು ಮಾಡಿ ನಿಂತಳು.

"ಒಳಕ್ ಬನ್ನಿ ಅಂತ."

ಮೂವರೂ ಪೂರ್ವದ ಕೋಣೆಗೆ ಹೋದರು. ಎಂಜಲೆಲೆಯ ವಾಸನೆ ಇನ್ನೂ ಇತ್ತು. ಸಿದ್ದಲಕ್ಷ್ಮಮ್ಮ ಕಿಟಕಿಯ ಎರಡು ಬಾಗಿಲನ್ನೂ ಜೋರಾಗಿ ತಳ್ಳಿದಳು. ಬಿಸಿಲು ಬರಿಯ ನೆಲದ ಮೇಲೆ ಬಿತ್ತು. ಚಿಕ್ಕಗಂಗಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗುಡಿಸತೊಡಗಿದಳು.